ಜಂಟಿ ಮನೆ: ದಂಪತಿಗಳು ಬೇರೆಯಾದ ಬಳಿಕ

ಒಡೆಯಲಾಗದ ಸ್ವತ್ತನ್ನು ಹಂಚಿಕೊಳ್ಳುವ ಬಗೆಯೊಂದನ್ನು ಕಾಶಿಯ ಮಣಿಕರ್ಣಿಕಾ ಘಾಟಿನಲ್ಲಿ ಕಾಣಬಹುದು. ಅಲ್ಲಿ ಚಿತೆಗೆ ಅಗ್ನಿಯನ್ನು ಒದಗಿಸಿ ಶುಲ್ಕ ಪಡೆಯುವ ಡೋಮ್ ಮನೆತನಗಳ ಹಕ್ಕು 'ಪಾರಿ' ಎಂಬ ಸರದಿಯ ಮೇಲೆ ನಡೆದು ಬಂದಿದೆ. ಮಾನವಶಾಸ್ತ್ರಜ್ಞ ಜಾನಥನ್ ಪ್ಯಾರಿಯವರು 1994ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಈ ಪದ್ಧತಿಯನ್ನು ವಿವರಿಸಿದ್ದಾರೆ. ಘಾಟಿನ ನಡುವೆ ಗೋಡೆ ಏಳುವುದಿಲ್ಲ, ದಿನಗಳು ಹಂಚಿಹೋಗುತ್ತವೆ. ತಂದೆಯ ಸರದಿ ಮಕ್ಕಳಲ್ಲಿ ಒಡೆದಂತೆಲ್ಲ ಒಬ್ಬೊಬ್ಬರ ಪಾಲಿನ ದಿನ ವಿರಳವಾಗುತ್ತದೆ. ಕನ್ನಡನಾಡಿನ ಅನೇಕ ದೇವಾಲಯಗಳಲ್ಲಿ ಅರ್ಚಕ ಮನೆತನಗಳು ಪೂಜೆಯ ಸರದಿಯನ್ನು ಹಂಚಿಕೊಳ್ಳುವುದೂ ಇದೇ ನ್ಯಾಯದಿಂದ.

ಮಹಾನಗರದ ಎರಡು ಕೋಣೆಯ ಫ್ಲಾಟಿಗೆ ಈ ನ್ಯಾಯ ಒಗ್ಗದು. ಬೇರೆಯಾದ ಗಂಡಹೆಂಡಿರು ತಿಂಗಳಿಗೊಬ್ಬರಂತೆ ಅಲ್ಲಿ ಸಂಸಾರ ಹೂಡಲಾರರು. ಅಡಿಗೆಮನೆಯ ನಡುವೆ ಗೋಡೆಯನ್ನೂ ಎತ್ತಲಾರರು. ವಿಚ್ಛೇದನದ ಡಿಕ್ರಿ ಕೈಸೇರಿದೊಡನೆ ಎಲ್ಲವೂ ಇತ್ಯರ್ಥವಾಯಿತೆಂಬ ಭಾವನೆ ಸಾಮಾನ್ಯವಾಗಿದೆ. ಡಿಕ್ರಿಯಿಂದ ಮುಗಿಯುವುದು ವಿವಾಹ ಮಾತ್ರ. ಮನೆಯ ಒಡೆತನ ಒಂದು, ಮನೆಯ ಸಾಲ ಇನ್ನೊಂದು. ಇವೆರಡೂ ತಮ್ಮ ತಮ್ಮ ಪತ್ರಗಳಿಂದ ಬಿಡಿಸಲ್ಪಡುವವರೆಗೆ ಇದ್ದಂತೆಯೇ ಇರುತ್ತವೆ.

ಮದುವೆಯಾದ ಮಾತ್ರಕ್ಕೆ ದಂಪತಿಗಳ ಆಸ್ತಿ ಸಮಪಾಲಾಗುವ ಕ್ರಮ ಗೋವಾದ ಸಿವಿಲ್ ಸಂಹಿತೆಯಲ್ಲಿದೆ. ಭಾರತದ ಹೆಚ್ಚಿನ ಭಾಗದಲ್ಲಿಲ್ಲ. ಆದುದರಿಂದ ಮೊದಲು ನೋಡತಕ್ಕದ್ದು ಕ್ರಯಪತ್ರವನ್ನು. ಇಬ್ಬರ ಹೆಸರಿದ್ದು ಪಾಲಿನ ಪ್ರಮಾಣ ಬರೆದಿಲ್ಲದಿದ್ದರೆ, 1882ರ ಸ್ವತ್ತು ವರ್ಗಾವಣೆ ಕಾಯಿದೆಯಂತೆ ಯಾರು ಎಷ್ಟು ಹಣ ತೊಡಗಿಸಿದರೆಂಬುದರ ಮೇಲೆ ಪಾಲು ನಿಲ್ಲುತ್ತದೆ. ಪುರಾವೆ ಇಲ್ಲದಿದ್ದಲ್ಲಿ ಸಮಪಾಲೆಂದು ಭಾವಿಸಲಾಗುತ್ತದೆ. ಹಳೆಯ ಪಾಸ್‌ಬುಕ್ಕುಗಳ ಬೆಲೆ ಆಗ ತಿಳಿಯುತ್ತದೆ. ಆದರೆ ಮನೆವಾರ್ತೆ ನೋಡಿಕೊಂಡು ಸಂಸಾರ ತೂಗಿಸಿದ ಹೆಣ್ಣಿನ ದುಡಿಮೆ ಯಾವ ಪಾಸ್‌ಬುಕ್ಕಿನಲ್ಲಿಯೂ ನಮೂದಾಗುವುದಿಲ್ಲ. ಇದು ಸಣ್ಣ ಕೊರತೆಯಲ್ಲ.

ಸಾಲದ ವಿಷಯ ಇದಕ್ಕಿಂತ ಕಠಿಣವಾದದ್ದು. ಸಾಲಪತ್ರಕ್ಕೆ ಸಹಿ ಹಾಕಿದ ಇಬ್ಬರಲ್ಲಿ ಯಾರಿಂದಲಾದರೂ ಪೂರ್ತಿ ಬಾಕಿಯನ್ನು ವಸೂಲು ಮಾಡುವ ಅಧಿಕಾರವನ್ನು 1872ರ ಕರಾರು ಕಾಯಿದೆ ಬ್ಯಾಂಕಿಗೆ ಕೊಟ್ಟಿದೆ. "ಇನ್ನು ಮುಂದೆ ಕಂತು ಅವರೇ ಕಟ್ಟುತ್ತಾರೆ" ಎಂಬುದು ಗಂಡಹೆಂಡಿರ ನಡುವಿನ ಮಾತು. ಬ್ಯಾಂಕು ಅದಕ್ಕೆ ಬದ್ಧವಲ್ಲ. ಮನೆಯನ್ನು ಬಿಟ್ಟುಕೊಟ್ಟು ತವರಿಗೆ ಮರಳಿದ ಹೆಣ್ಣುಮಗಳು ವರ್ಷಗಳ ಬಳಿಕ ತನ್ನದೊಂದು ಪುಟ್ಟ ಮನೆಗೆ ಸಾಲ ಕೇಳಿದಾಗ, ಅತ್ತ ಕಟ್ಟದೆ ಉಳಿದ ಕಂತುಗಳೆಲ್ಲ ಅವಳ ಹೆಸರಿನಲ್ಲಿಯೂ ಕಾಣಿಸಿಕೊಳ್ಳುತ್ತವೆ. ಅವಳನ್ನು ಸಾಲದಿಂದ ಬಿಡುಗಡೆ ಮಾಡಬೇಕಾದರೆ ಉಳಿದವರ ಒಬ್ಬರ ಸಂಪಾದನೆಯೇ ಸಾಲಕ್ಕೆ ಸಾಕೆಂದು ಬ್ಯಾಂಕಿಗೆ ಮನವರಿಕೆಯಾಗಬೇಕು.

ಲೆಕ್ಕ ಹಾಕಿ ನೋಡಬಹುದು. ಮನೆಯ ಇಂದಿನ ಬೆಲೆ 90 ಲಕ್ಷ, ಸಾಲದ ಬಾಕಿ 30 ಲಕ್ಷ, ಪಾಲು ಸಮ ಎಂದಿಟ್ಟುಕೊಂಡರೆ ಉಳಿಯುವ 60 ಲಕ್ಷದಲ್ಲಿ ತಲಾ 30 ಲಕ್ಷ. ಮನೆಯನ್ನು ತಾನೇ ಇಟ್ಟುಕೊಳ್ಳಬಯಸುವವರು ಇನ್ನೊಬ್ಬರಿಗೆ 30 ಲಕ್ಷ ಕೊಟ್ಟು, ಹಳೆಯ 30 ಲಕ್ಷವನ್ನೂ ಒಬ್ಬರೇ ಹೊರಬೇಕು; ಒಟ್ಟು 60 ಲಕ್ಷದ ಭಾರ. ಮನೆಯ ಮೇಲಿನ ಮಮತೆಯಿಂದ ಈ ಕಂತನ್ನೂ ಅದರೊಡನೆ ರಕ್ತದೊತ್ತಡವನ್ನೂ ತಲೆಗೆ ಕಟ್ಟಿಕೊಳ್ಳುವುದಕ್ಕಿಂತ, ಮಾರಿ ಸಾಲ ತೀರಿಸಿ ಉಳಿದುದನ್ನು ಹಂಚಿಕೊಳ್ಳುವುದೇ ಅನೇಕ ವೇಳೆ ಲೇಸು.

ಒಬ್ಬರು ಇನ್ನೊಬ್ಬರಿಗೆ ಪಾಲು ಬಿಟ್ಟುಕೊಡುವುದಾದರೆ ಹಕ್ಕು ಬಿಡುಗಡೆ ಪತ್ರವನ್ನು ನೋಂದಾಯಿಸಲೇಬೇಕು. ಬಿಳಿಯ ಹಾಳೆಯ ಮೇಲಿನ ಒಪ್ಪಂದದಿಂದ ಒಡೆತನ ಕದಲದು. ಮುದ್ರಾಂಕ ಶುಲ್ಕ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ ಸೇರಿದ ಪರಸ್ಪರ ಸಮ್ಮತಿಯ ವಿಚ್ಛೇದನದಲ್ಲಿ ಎರಡು ಅರ್ಜಿಗಳ ನಡುವೆ ಆರು ತಿಂಗಳ ಅವಧಿಯುಂಟು. ಸೂಕ್ತ ಸಂದರ್ಭದಲ್ಲಿ ಇದನ್ನು ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದೆ. ಆದರೂ ಬ್ಯಾಂಕು, ಸೊಸೈಟಿ, ನೋಂದಣಿ ಕಚೇರಿಗಳನ್ನು ಸುತ್ತಿಬರಲು ಆ ಆರು ತಿಂಗಳು ಹೆಚ್ಚೇನಲ್ಲ. ಮನೆ ಯಾರಿಗೆ, ಹಣ ಎಂದಿಗೆ, ಸಾಲ ಯಾರ ತಲೆಗೆ ಎಂಬುದನ್ನು ಆ ಅರ್ಜಿಯಲ್ಲಿಯೇ ಬರೆಸುವುದು ಜಾಣತನ.

ಒಮ್ಮತ ಮೂಡದಿದ್ದರೆ ವಿಭಾಗದ ದಾವೆಯೇ ಗತಿ. ಗೋಡೆ ಕಟ್ಟಿ ಹಂಚಲಾಗದ ಮನೆಯನ್ನು ಮಾರಿ ಹಣ ಹಂಚಲು 1893ರ ವಿಭಾಗ ಕಾಯಿದೆ ನ್ಯಾಯಾಲಯಕ್ಕೆ ಅಧಿಕಾರ ಕೊಟ್ಟಿದೆ; ಅರ್ಧ ಅಥವಾ ಹೆಚ್ಚಿನ ಪಾಲುಳ್ಳವರು ಮಾರಾಟ ಕೇಳಿದಾಗ, ಇನ್ನೊಬ್ಬ ಪಾಲುದಾರರು ನ್ಯಾಯಾಲಯ ಕಟ್ಟಿದ ಬೆಲೆಗೆ ಆ ಪಾಲನ್ನು ಕೊಳ್ಳಲೂ ಅವಕಾಶವಿದೆ. ದಾವೆ ನಡೆಯುವಾಗ ಬೀಗ ಬದಲಿಸಿ ಹೆಂಡತಿಯನ್ನು ಹೊರಗಿಡುವುದು ಸಲ್ಲದು. ಒಡೆತನವಿರಲಿ, ಇಲ್ಲದಿರಲಿ, ಸಹವಾಸದ ಮನೆಯಲ್ಲಿ ವಾಸಿಸುವ ಹಕ್ಕನ್ನು 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯಿದೆ ಆಕೆಗೆ ನೀಡಿದೆ. ಆ ಮನೆ ಅತ್ತೆಮಾವಂದಿರ ಹೆಸರಿನಲ್ಲಿದ್ದರೂ ಈ ಹಕ್ಕು ಇರಬಹುದೆಂದು ಸುಪ್ರೀಂ ಕೋರ್ಟು 2020ರಲ್ಲಿ ತೀರ್ಪಿತ್ತಿತು.

ಎಲ್ಲ ಮುಗಿದ ಮೇಲೂ ಮರೆತುಹೋಗುವುದು ನಾಮನಿರ್ದೇಶನ. ಸೊಸೈಟಿಯ ಷೇರು ಸರ್ಟಿಫಿಕೇಟು, ಠೇವಣಿ, ಸಾಲಕ್ಕೆ ಜೋಡಿಸಿದ ವಿಮೆ, ಇವುಗಳಲ್ಲಿ ಹಳೆಯ ಹೆಸರೇ ಉಳಿದಿರುತ್ತದೆ. ಡಿಕ್ರಿಯ ನಕಲು ಬಂದ ವಾರದಲ್ಲಿಯೇ ಈ ನಮೂನೆಗಳನ್ನು ಬದಲಿಸಿಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು, ಮನೆಪತ್ರಗಳೊಡನೆ ಇಡತಕ್ಕದ್ದು.