ಮುದಿನಾಯಿಯ ಮೂತ್ರದಲ್ಲಿ ರಕ್ತ ಕಂಡಾಗ

ಬನಶಂಕರಿಯಲ್ಲಿರಲಿ, ಬಿಟಿಎಂ ಲೇಔಟಿನಲ್ಲಿರಲಿ, ನಾಯಿ ಸಾಕಿದವರ ಕಣ್ಣಿಗೆ ಈ ರಕ್ತ ಮೊದಲು ಬೀಳುವುದು ಸಾಮಾನ್ಯವಾಗಿ ಮನೆಯೊಳಗೇ. ಬೀದಿಯ ಮಣ್ಣಿನಲ್ಲಿ, ಡಾಂಬರಿನ ಮೇಲೆ ತೆಳುಗೆಂಪು ಎಲ್ಲಿ ಕಾಣಬೇಕು? ಎಂದೂ ಮನೆಯಲ್ಲಿ ಗಲೀಜು ಮಾಡದ ಹನ್ನೊಂದು ವರ್ಷದ ನಾಯಿ ಬಿಳಿ ಟೈಲ್ಸ್ ಮೇಲೆ ನಾಲ್ಕು ಹನಿ ಬಿಟ್ಟಾಗಲೇ ವಿಷಯ ಗೊತ್ತಾಗುವುದು. ಅದಕ್ಕೆ ಮೊದಲು ಕೆಲವು ವಾರ ಅದು ಗಂಟೆಗೊಮ್ಮೆ ಬಾಗಿಲು ಕೆರೆದಿರುತ್ತದೆ, ಕಂಬದ ಬಳಿ ಬಹಳ ಹೊತ್ತು ತಿಣುಕಿ ಒಂದೆರಡು ಹನಿ ಹಾಕಿರುತ್ತದೆ. ನಾವು "ವಯಸ್ಸಾಯ್ತಲ್ಲ, ಪಾಪ" ಎಂದು ಸುಮ್ಮನಾಗಿರುತ್ತೇವೆ.

ಹೆದರಿದವರಿಗೆ ಮೊದಲು ಸಮಾಧಾನದ ಮಾತು. ನಾಯಿಗಳಿಗೆ ಬರುವ ಒಟ್ಟು ಕ್ಯಾನ್ಸರುಗಳಲ್ಲಿ ಮೂತ್ರಕೋಶದ್ದು ನೂರಕ್ಕೆ ಒಂದೆರಡು ಮಾತ್ರ. ಸೋಂಕು, ಕಲ್ಲು, ಗಂಡುನಾಯಿಯಾದರೆ ಪ್ರಾಸ್ಟೇಟ್ ಗ್ರಂಥಿಯ ಊತ, ಇವೆಲ್ಲದರಲ್ಲೂ ಇದೇ ಲಕ್ಷಣ. ತೊಂದರೆ ಏನೆಂದರೆ ಈ ಕ್ಯಾನ್ಸರ್ ಸೋಂಕಿನ ವೇಷದಲ್ಲೇ ಬರುತ್ತದೆ. ಗಡ್ಡೆ ಇರುವ ಕಡೆ ಸೋಂಕು ಸೇರಿಕೊಳ್ಳುವುದೂ ಸಾಮಾನ್ಯ. ಆಂಟಿಬಯಾಟಿಕ್ ಕೊಟ್ಟರೆ ಸೋಂಕು ಇಳಿಯುತ್ತದೆ, ರಕ್ತ ನಿಲ್ಲುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ತಿಂಗಳೊಳಗೆ ಮತ್ತೆ "ಡಾಕ್ಟ್ರೇ, ಪುನಃ ಶುರುವಾಗಿದೆ". ಮತ್ತೊಂದು ಕೋರ್ಸ್. ಈ ಚಕ್ರ ಮೂರು ಸುತ್ತು ತಿರುಗುವಷ್ಟರಲ್ಲಿ ಅಮೂಲ್ಯವಾದ ತಿಂಗಳುಗಳು ಕೈಬಿಟ್ಟು ಹೋಗಿರುತ್ತವೆ. ಆದ್ದರಿಂದ ಈ ಅಧ್ಯಾಯದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ: ವಯಸ್ಸಾದ ನಾಯಿಗೆ ಮೂತ್ರದ ಸೋಂಕು ಎರಡನೇ ಸಲ ಬಂದರೆ, ಗುಳಿಗೆಯ ಜೊತೆಗೆ ಹೊಟ್ಟೆಯ ಸ್ಕ್ಯಾನಿಂಗ್ ಕೂಡ ಮಾಡಿಸಿ.

ಸ್ಕ್ಯಾನಿಂಗಿಗೆ ಮೊದಲು ಮೂತ್ರ ಪರೀಕ್ಷೆ. ನಾಯಿಯ ಮೂತ್ರ ಹಿಡಿಯುವುದು ಎಂದರೆ ಎಲ್ಲರೂ ನಗುತ್ತಾರೆ, ಆದರೆ ಅದೇನು ಬ್ರಹ್ಮವಿದ್ಯೆಯಲ್ಲ. ಗಂಡಾದರೆ ಉದ್ದ ಹಿಡಿಯ ಸೌಟು, ಹೆಣ್ಣಾದರೆ ಅದು ಕೂತ ಮೇಲೆ ಹಿಂದಿನಿಂದ ಸರಿಸಬಹುದಾದ ಚಪ್ಪಟೆ ಸ್ಟೀಲ್ ತಟ್ಟೆ. ಬೆಳಗಿನ ಮೊದಲ ಮೂತ್ರ, ಅದರಲ್ಲೂ ನಡುವಿನ ಧಾರೆ ಒಳ್ಳೆಯದು. ಶುಚಿಯಾದ ಬಾಟಲಿಗೆ ಹಾಕಿ ಬೇಗ ಲ್ಯಾಬಿಗೆ ತಲುಪಿಸಿ; ತಡವಾಗುವುದಾದರೆ ಫ್ರಿಜ್ಜಿನಲ್ಲಿಡಿ. ಸ್ವಲ್ಪವನ್ನು ಗಾಜಿನ ಲೋಟದಲ್ಲಿ ಅಲ್ಲಾಡಿಸದೆ ಇಟ್ಟು ನೋಡಿ. ಕೆಂಪು ತಳಕ್ಕಿಳಿದು ಮೇಲೆ ಹಳದಿ ತಿಳಿ ನಿಂತರೆ ಅದು ರಕ್ತ. ಇಡೀ ಲೋಟ ಕಾಫಿ ಡಿಕಾಕ್ಷನ್ನಿನ ಬಣ್ಣದಲ್ಲೇ ಉಳಿದರೆ ಕಥೆ ಬೇರೆ. ಉಣ್ಣೆಯಿಂದ ಹರಡುವ ಬಬೀಸಿಯಾ ಎಂಬ ಪರಾವಲಂಬಿ ಕೆಂಪು ರಕ್ತಕಣಗಳನ್ನು ಒಡೆದುಹಾಕಿ ಮೂತ್ರವನ್ನು ಹೀಗೆ ಕಂದು ಮಾಡುತ್ತದೆ. ಉಣ್ಣೆಜ್ವರ ಬೆಂಗಳೂರಿನ ನಾಯಿಗಳಿಗೆ ಹೊಸದೇನಲ್ಲ, ಅದಕ್ಕೆ ಅದೇ ದಿನ ರಕ್ತಪರೀಕ್ಷೆ ಬೇಕು. ಕೆಂಪು ಯಾವಾಗ ಕಾಣುತ್ತದೆ ಎನ್ನುವುದನ್ನೂ ಗಮನಿಸಿ. ಧಾರೆಯ ಕೊನೆಯಲ್ಲಿ ಕಂಡರೆ ಅನುಮಾನ ಮೂತ್ರಕೋಶದ ಮೇಲೆ. ಮೊದಲಲ್ಲೇ ಕಂಡರೆ ಮೂತ್ರನಾಳ, ಪ್ರಾಸ್ಟೇಟ್ ಅಥವಾ ಜನನಾಂಗದ ಮೇಲೆ.

ಜಯನಗರದ ಎಷ್ಟೋ ಬೀದಿಗಳಲ್ಲಿ ಇಡೀ ಬೀದಿ ಸೇರಿ ಸಾಕುವ ನಾಯಿ ಇರುತ್ತದೆ. ಇಂಥ ನಾಯಿ ಹನಿಹನಿಯಾಗಿ ರಕ್ತ ಸುರಿಸುತ್ತಿದ್ದರೆ, ಅದು ಮೂತ್ರದಲ್ಲಿ ಬಂದದ್ದೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಬೇಕು. ಬೀದಿನಾಯಿಗಳಲ್ಲಿ ಬೆದೆಯ ವೇಳೆ ಒಂದರಿಂದ ಇನ್ನೊಂದಕ್ಕೆ ಅಂಟುವ ಒಂದು ಜನನಾಂಗದ ಗಡ್ಡೆ ನಮ್ಮ ದೇಶದಲ್ಲಿ ತುಂಬ ಸಾಮಾನ್ಯ. ಅದೂ ಕ್ಯಾನ್ಸರೇ. ಆದರೆ ವಿನ್‌ಕ್ರಿಸ್ಟಿನ್ ಎಂಬ ಇಂಜೆಕ್ಷನ್ ವಾರಕ್ಕೊಂದರಂತೆ ಕೆಲವು ವಾರ ಕೊಟ್ಟರೆ ಬಹುತೇಕ ನಾಯಿಗಳು ಪೂರ್ತಿ ಗುಣವಾಗುತ್ತವೆ. ಮೂತ್ರಕೋಶದ ಕ್ಯಾನ್ಸರ್ ಎಂದುಕೊಂಡು ಕೈಚೆಲ್ಲಿದ್ದರೆ ಗುಣವಾಗುವ ನಾಯಿ ವೃಥಾ ಸಾಯುತ್ತದೆ.

ಸ್ಕ್ಯಾನಿಂಗಿಗೆ ಹೋಗುವಾಗ ಮೂತ್ರಕೋಶ ತುಂಬಿರಬೇಕು. ಖಾಲಿಯಾದರೆ ಅದರ ಗೋಡೆ ಮಡಚಿಕೊಂಡು ಏನೂ ಸರಿಯಾಗಿ ಕಾಣುವುದಿಲ್ಲ. ಕೇಳಲು ಸುಲಭ, ಗಂಟೆಗೊಮ್ಮೆ ಹೊರಗೆ ಹೋಗಬೇಕೆನ್ನುವ ಮುದಿನಾಯಿಯನ್ನು ಜೆಪಿ ನಗರದಿಂದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಟ್ರಾಫಿಕ್ಕಿನಲ್ಲಿ ಕರೆದೊಯ್ದವರಿಗೇ ಗೊತ್ತು ಅದರ ಕಷ್ಟ. ಹತ್ತಿರದಲ್ಲೇ ಸ್ಕ್ಯಾನಿಂಗ್ ಇರುವ ಕ್ಲಿನಿಕ್ ಹುಡುಕಿ, ಕಾಯಿಸದ ಹಾಗೆ ಟೈಮ್ ತೆಗೆದುಕೊಳ್ಳುವುದು ಜಾಣತನ. ಸ್ಕ್ಯಾನಿಂಗಿನಲ್ಲಿ ಗಡ್ಡೆ ಕಂಡರೂ ತೀರ್ಪು ಮುಗಿಯಲಿಲ್ಲ. ಹೆಪ್ಪುಗಟ್ಟಿದ ರಕ್ತವೂ ಗಡ್ಡೆಯ ಹಾಗೆಯೇ ಕಾಣುತ್ತದೆ. ನಾಯಿಯ ಮಗ್ಗುಲು ಬದಲಿಸಿದಾಗ ಅದು ಜರುಗಿದರೆ ಹೆಪ್ಪು, ಅಂಟಿಕೊಂಡೇ ಇದ್ದರೆ ಗಡ್ಡೆ ಇರಬಹುದು. ಇನ್ನೊಂದು ಎಚ್ಚರ: ಕ್ಯಾನ್ಸರಿನ ಅನುಮಾನ ಇರುವಾಗ ಹೊಟ್ಟೆಯ ಮೇಲಿನಿಂದ ಸೂಜಿ ಚುಚ್ಚಿ ಮೂತ್ರವನ್ನೋ ಗಡ್ಡೆಯ ತುಣುಕನ್ನೋ ತೆಗೆಯಬಾರದು. ಸೂಜಿಯ ದಾರಿಯಲ್ಲೇ ಕ್ಯಾನ್ಸರ್ ಕಣಗಳು ಬಿತ್ತಿಕೊಳ್ಳುವ ಅಪಾಯವಿದೆ. ಮೂತ್ರನಾಳದ ಮೂಲಕ ಕೊಳವೆ ಹಾಕಿ ಕಣಗಳನ್ನು ತೆಗೆಯುವುದು ಸುರಕ್ಷಿತ. 2015ರಲ್ಲಿ ವಿಜ್ಞಾನಿಗಳು ಈ ಕ್ಯಾನ್ಸರ್ ಇರುವ ಹತ್ತು ನಾಯಿಗಳಲ್ಲಿ ಸುಮಾರು ಎಂಟರಲ್ಲಿ ಬಿ-ರಾಫ್ ಎಂಬ ಜೀನಿನ ಒಂದೇ ಬಗೆಯ ದೋಷವನ್ನು ಗುರುತಿಸಿದರು. ಅದನ್ನು ಮೂತ್ರದಲ್ಲೇ ಪತ್ತೆ ಮಾಡುವ ಪರೀಕ್ಷೆ ಅಮೆರಿಕದಲ್ಲಿ ಬಳಕೆಗೆ ಬಂದಿದೆ.

ಈ ಕಾಯಿಲೆಯ ಚರಿತ್ರೆಯಲ್ಲಿ ಮನುಷ್ಯನೂ ನಾಯಿಯೂ ಒಟ್ಟಿಗೇ ಬರುತ್ತಾರೆ. 1895ರಲ್ಲಿ ಜರ್ಮನಿಯ ಶಸ್ತ್ರವೈದ್ಯ ಲುಡ್ವಿಗ್ ರೇನ್, ಬಣ್ಣದ ಕಾರ್ಖಾನೆಯ ಕೂಲಿಕಾರರಿಗೆ ಮೂತ್ರಕೋಶದ ಗಡ್ಡೆಗಳಾಗುತ್ತಿವೆ ಎಂದು ವರದಿ ಮಾಡಿದ. ಯಾವ ರಾಸಾಯನಿಕ ಕಾರಣ ಎಂಬುದು ಗಟ್ಟಿಯಾದದ್ದು 1938ರಲ್ಲಿ, ವಿಲ್ಹೆಲ್ಮ್ ಹ್ಯೂಪರ್ ನಾಯಿಗಳಿಗೆ ಬೀಟಾ-ನ್ಯಾಫ್ತೈಲಮೀನ್ ಕೊಟ್ಟು ಅದೇ ಗಡ್ಡೆ ಬರಿಸಿದಾಗ. ಕಾರ್ಖಾನೆಯ ಕೂಲಿಕಾರರನ್ನು ಕಾಯುವ ತಿಳಿವಳಿಕೆಗಾಗಿ ಆ ನಾಯಿಗಳು ಜೀವ ತೆತ್ತವು. 2004ರಲ್ಲಿ ಬ್ರಿಟನ್ನಿನಲ್ಲಿ ಆರು ನಾಯಿಗಳಿಗೆ ಮನುಷ್ಯರ ಮೂತ್ರ ಮೂಸಿ ಈ ಕ್ಯಾನ್ಸರ್ ಗುರುತಿಸಲು ಕಲಿಸಿದರು. ಏಳು ಮಾದರಿಗಳಲ್ಲಿ ಒಂದನ್ನು ಆರಿಸಬೇಕಿತ್ತು. 54 ಪ್ರಯತ್ನಗಳಲ್ಲಿ 22 ಸರಿಯಾದವು. ಸ್ವಾರಸ್ಯ ಇರುವುದು ಒಂದು 'ತಪ್ಪು' ಉತ್ತರದಲ್ಲಿ: ಆರೋಗ್ಯವಂತ ಎಂದು ಸೇರಿಸಿಕೊಂಡಿದ್ದ ಒಬ್ಬರ ಮಾದರಿಯನ್ನು ನಾಯಿಗಳು ಮತ್ತೆ ಮತ್ತೆ ತೋರಿಸಿದವು. ಆ ವ್ಯಕ್ತಿಯನ್ನು ಮರುಪರೀಕ್ಷೆ ಮಾಡಿದರೆ ಮೂತ್ರಪಿಂಡದಲ್ಲಿ ಕ್ಯಾನ್ಸರ್ ಇತ್ತು.

ತಳಿಯ ಮಾತಿಗೆ ಬಂದರೆ ಸ್ಕಾಟಿಶ್ ಟೆರಿಯರ್‌ಗಳಿಗೆ ಅಪಾಯ ಎಲ್ಲಕ್ಕಿಂತ ಹೆಚ್ಚು. ಅವು ನಮ್ಮಲ್ಲಿ ಅಪರೂಪ. ಆದರೆ ಅಪಾಯ ಹೆಚ್ಚಿರುವ ಪಟ್ಟಿಯಲ್ಲಿ ಬೀಗಲ್ ಕೂಡ ಇದೆ, ಮತ್ತು ಬೀಗಲ್ ನಮ್ಮ ಬಡಾವಣೆಗಳಲ್ಲಿ ಬೇಕಾದಷ್ಟಿದೆ. ಪ್ರಯೋಗಾಲಯಗಳಿಂದ ಬಿಡುಗಡೆಯಾದ ಬೀಗಲ್‌ಗಳಿಗೆ ಬೆಂಗಳೂರಿನ ಕೂಪಾ ಸಂಸ್ಥೆ ಮನೆಗಳನ್ನೂ ಹುಡುಕಿಕೊಟ್ಟಿದೆ. ಹುಲ್ಲುಹಾಸಿಗೆ ಸಿಂಪಡಿಸುವ ಕಳೆನಾಶಕಕ್ಕೂ ಈ ಕ್ಯಾನ್ಸರಿಗೂ ಸಂಬಂಧ ಕಂಡ ಅಧ್ಯಯನವೊಂದಿದೆ. ವಾರಕ್ಕೆ ಮೂರು ಸಲವಾದರೂ ತರಕಾರಿ ತಿಂದ ನಾಯಿಗಳಿಗೆ ಅಪಾಯ ಕಡಿಮೆ ಎಂದು 2005ರ ಇನ್ನೊಂದು ಅಧ್ಯಯನ ಹೇಳಿತು. ಎರಡೂ ನಡೆದದ್ದು ಸ್ಕಾಟಿಶ್ ಟೆರಿಯರ್‌ಗಳ ಮೇಲೆ. ಹಾಗೆಂದು ಬೇಯಿಸಿದ ಕ್ಯಾರೆಟ್, ಬೀನ್ಸ್ ಹಾಕುವುದರಿಂದ ನಷ್ಟವೇನಿಲ್ಲ, ಈರುಳ್ಳಿ ಮಾತ್ರ ಬೇಡ.

ಇನ್ನು ಚಿಕಿತ್ಸೆ. ಗಡ್ಡೆ ಸಾಮಾನ್ಯವಾಗಿ ಬೆಳೆಯುವುದು ಮೂತ್ರಕೋಶದ ಕುತ್ತಿಗೆಯ ಹತ್ತಿರ, ಮೂತ್ರಪಿಂಡದ ಎರಡು ನಾಳಗಳು ಬಂದು ಸೇರಿ ಹೊರನಾಳ ಹೊರಡುವ ಜಾಗದಲ್ಲಿ. ಅಲ್ಲಿ ಕತ್ತರಿ ಆಡಿಸುವುದು ಕಷ್ಟ, ಹಾಗಾಗಿ ಆಪರೇಷನ್ ಬಹಳ ಕಡಿಮೆ ನಾಯಿಗಳಿಗೆ ಆಗಿಬರುತ್ತದೆ. ಹೆಚ್ಚು ನೆರವಾಗುವುದು ಪೈರಾಕ್ಸಿಕಾಮ್ ಎಂಬ ಹಳೆಯ ಕೀಲುನೋವಿನ ಗುಳಿಗೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಡೆಬೊರಾ ನ್ಯಾಪ್ ಮತ್ತು ಸಂಗಡಿಗರು 34 ನಾಯಿಗಳಿಗೆ ಇದನ್ನು ಕೊಟ್ಟು 1994ರಲ್ಲಿ ಫಲಿತಾಂಶ ಪ್ರಕಟಿಸಿದರು. 2 ನಾಯಿಗಳಲ್ಲಿ ಗಡ್ಡೆ ಪೂರ್ತಿ ಮಾಯವಾಯಿತು, 4ರಲ್ಲಿ ಕುಗ್ಗಿತು, 18ರಲ್ಲಿ ಬೆಳೆಯದೆ ನಿಂತಿತು, 10ರಲ್ಲಿ ಮಾತ್ರ ಬೆಳೆಯುತ್ತ ಹೋಯಿತು. ಅರ್ಧದಷ್ಟು ನಾಯಿಗಳು 181 ದಿನಕ್ಕಿಂತ ಹೆಚ್ಚು ಬದುಕಿದವು. ಮೈಟೋಕ್ಸಾಂಟ್ರೋನ್‌ನಂಥ ಕೀಮೋ ಸೇರಿಸಿದರೆ ಇನ್ನೂ ಕೆಲವು ತಿಂಗಳು ದಕ್ಕಬಹುದು. ಆರು ತಿಂಗಳು ಎಂದರೆ ಕಡಿಮೆ ಅನ್ನಿಸಬಹುದು, ಆದರೆ ಹನ್ನೆರಡು ವರ್ಷದ ನಾಯಿಯ ಆಯಸ್ಸಿನಲ್ಲಿ ಅದು ಸಣ್ಣ ಪಾಲೇನಲ್ಲ. ಈ ಗುಳಿಗೆ ಹೊಟ್ಟೆಯಲ್ಲಿ ಹುಣ್ಣು ಮಾಡಬಲ್ಲದು, ಮೂತ್ರಪಿಂಡಕ್ಕೂ ಭಾರ. ಆದ್ದರಿಂದ ಊಟದ ಜೊತೆಗೇ ಕೊಡಬೇಕು, ಆಗಾಗ ರಕ್ತಪರೀಕ್ಷೆ ಆಗಬೇಕು. ಮಲ ಟಾರಿನಂತೆ ಕಪ್ಪಾದರೆ ಗುಳಿಗೆ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ. ತುರಿಕೆಗೆಂದು ಸ್ಟೀರಾಯ್ಡ್ ತಿನ್ನುತ್ತಿರುವ ನಾಯಿಯಾದರೆ ಅದನ್ನು ಮೊದಲೇ ಹೇಳಿ. ಎರಡೂ ಒಟ್ಟಿಗೆ ಕೂಡದು. ಮನೆಯ ಡಬ್ಬದಲ್ಲಿರುವ ಐಬುಪ್ರೊಫೇನ್, ಡೋಲೊ ಇತ್ಯಾದಿಗಳನ್ನು ನೀವಾಗಿಯೇ ಕೊಡಬೇಡಿ. ಬಾಳೆದಿಂಡಿನ ರಸದಿಂದ ಗಡ್ಡೆ ಕರಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಿ ಸುಮ್ಮನಿರಿ.

ಮನೆಯ ಕೆಲಸವೇ ನಿಜಕ್ಕೂ ದೊಡ್ಡದು. ಹಳೆಯ ಕಾಟನ್ ಸೀರೆಗಳು ಈಗ ಉಪಯೋಗಕ್ಕೆ ಬರುತ್ತವೆ: ಮಡಚಿ ಹಾಸಿ, ನೆನೆದಾಗ ತೆಗೆದು ಇನ್ನೊಂದು ಹಾಸಿ. ಹಿಂಗಾಲಿನ ಸಂದು ಒದ್ದೆಯಾಗೇ ಇದ್ದರೆ ಚರ್ಮ ಬೆಂದಂತಾಗುತ್ತದೆ. ಬೆಚ್ಚಗಿನ ನೀರಲ್ಲಿ ಒರೆಸಿ, ಒಣಗಿಸಿ. ನೆಲಕ್ಕೆ ಫಿನಾಯಿಲ್ ಬೇಡ, ಸೋಪಿನ ನೀರು ಸಾಕು. ನೀರು ಕುಡಿಯುವುದನ್ನು ತಡೆಯಲೇಬೇಡಿ. ಮೂರನೇ ಮಹಡಿಯವರಿಗೆ ಲಿಫ್ಟಿನ ಜಗಳ ತಪ್ಪಿದ್ದಲ್ಲ. ಸಾಕುನಾಯಿಗಳಿಗೆ ಲಿಫ್ಟ್ ನಿರಾಕರಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸುತ್ತೋಲೆ ಹೊರಡಿಸಿದೆ. ಆದರೂ ಕೈಯಲ್ಲೊಂದು ಬಟ್ಟೆ ಹಿಡಿದು, ಬಿದ್ದ ಹನಿಯನ್ನು ಅಲ್ಲೇ ಒರೆಸಿದರೆ ಸುತ್ತೋಲೆ ತೋರಿಸುವ ಪ್ರಮೇಯವೇ ಬರುವುದಿಲ್ಲ.

ಎಲ್ಲಿಯವರೆಗೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಇದಕ್ಕೆ ಕ್ಯಾಲೆಂಡರ್ ಒಳ್ಳೆಯ ಸಾಧನ. ನಾಯಿ ತಿಂದು, ಬಾಲ ಆಡಿಸಿ, ನಿದ್ದೆ ಮಾಡಿದ ದಿನಕ್ಕೆ ಒಂದು ಗುರುತು, ತಿಣುಕಿ ನರಳಿದ ದಿನಕ್ಕೆ ಇನ್ನೊಂದು. ಎರಡನೆಯ ಗುರುತುಗಳು ಹೆಚ್ಚಾಗುತ್ತ ಹೋದರೆ ದಯಾಮರಣದ ಮಾತನ್ನು ಡಾಕ್ಟರ ಹತ್ತಿರ ಎತ್ತುವುದರಲ್ಲಿ ಪಾಪವೇನಿಲ್ಲ. ಹೂಳಲು ಹಿತ್ತಿಲಿಲ್ಲದ ಅಪಾರ್ಟ್‌ಮೆಂಟಿನವರಿಗೆ ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯಲ್ಲಿ ಸಾಕುಪ್ರಾಣಿಗಳ ಸ್ಮಶಾನವಿದೆ.

ಆದರೆ ಒಂದು ಸಂದರ್ಭದಲ್ಲಿ ಕ್ಯಾಲೆಂಡರ್ ನೋಡುತ್ತ ಕೂರುವಂತಿಲ್ಲ. ನಾಯಿ ತಿಣುಕುತ್ತಲೇ ಇದೆ, ಒಂದು ಹನಿಯೂ ಬರುತ್ತಿಲ್ಲ, ಹೊಟ್ಟೆ ಬಿಗಿದಿದೆ, ವಾಂತಿ ಮಾಡುತ್ತಿದೆ ಎಂದರೆ ನಾಳ ಕಟ್ಟಿಕೊಂಡಿದೆ ಎಂದೇ ತಿಳಿಯಿರಿ. ಬೆಳಗಾಗಲಿ ಎಂದು ಕಾಯಬೇಡಿ. ನಿಮ್ಮ ಏರಿಯಾದಲ್ಲಿ ರಾತ್ರಿಯೂ ತೆರೆದಿರುವ ಪ್ರಾಣಿ ಆಸ್ಪತ್ರೆ ಯಾವುದೆಂದು ಇವತ್ತೇ ವಿಚಾರಿಸಿ, ಅದರ ಫೋನ್ ನಂಬರನ್ನು ಮನೆಯವರೆಲ್ಲರಿಗೂ ಕಾಣುವಂತೆ ಬರೆದಿಡಿ.