ಕೆಲಸ ಮಾಡುತ್ತಾ? ಎರಡು ತುದಿ ನೋಡಿ



ಬಿಡದಿಯ ಕಾರ್ಮಿಕರ ಒಂದೇ ಕೋಣೆಯ ಮನೆಯಲ್ಲಿ ಒಬ್ಬರಿಗೆ ಟಿಬಿ ಬಂದ್ರೆ ಉಳಿದವರಿಗೂ ಭಯ. ಒಳ್ಳೆ ಊಟ ತಡೆಯುತ್ತಾ?

ಮಂಗಳೂರಿನ ಯೆನೆಪೊಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡ್‌ನಲ್ಲಿ ರೋಗಿಗಳ ಮನೆಯ 10,345 ಜನರನ್ನು ಗಮನಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿತು. ಕೆಲವು ಕಡೆ ರೋಗಿಗೆ ಮಾತ್ರ ರೇಷನ್; ಉಳಿದ ಕಡೆ ಮನೆಮಂದಿಗೂ ತಿಂಗಳಿಗೆ ತಲಾ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ, ವಿಟಮಿನ್ ಮಾತ್ರೆ. ಎಲ್ಲರಿಗೂ ಕೊಟ್ಟಲ್ಲಿ ಹೊಸ ಟಿಬಿ ಶೇ. 39 ಕಡಿಮೆ.

ಇದು ಅಂದಾಜು. ನಿಜವಾದ ಇಳಿಕೆ ಶೇ. 15ರಿಂದ 57ರೊಳಗೆ ಇರಬಹುದು. ಇದನ್ನೇ ಕಾನ್ಫಿಡೆನ್ಸ್ ಇಂಟರ್ವಲ್ ಅಂತಾರೆ. ಕೆಳತುದಿಯೂ ಸೊನ್ನೆಗಿಂತ ಮೇಲಿದೆ, ಅದಕ್ಕೇ ನಾವು ನಂಬುತ್ತೇವೆ. ನಡುವೆ ಸೊನ್ನೆ ಬಂದ್ರೆ ಖಾತ್ರಿಯಿಲ್ಲ. ಪರೀಕ್ಷಿಸಿದ ಜನ ಕಡಿಮೆಯಾದಷ್ಟೂ ತುದಿಗಳು ದೂರ.

ಹತ್ತು ಜನಕ್ಕೆ ವಾಸಿಯಾಯ್ತು ಅಂತ ಪುಡಿ ಮಾರಲು ಬಂದ್ರೆ, ಸಾಲ ತೆಗೆಯುವ ಮೊದಲು ಕೇಳೋಣ: ಎಷ್ಟು ಜನರಲ್ಲಿ ನೋಡಿದ್ರಿ? ಕೆಳತುದಿ ಎಷ್ಟು? ಟಿಬಿ ಮಾತ್ರೆ ಮಾತ್ರ ನಿಲ್ಲಿಸಬೇಡಿ.