ಕಡಲೆಕಾಯಿ ಬೇರಿನ ಗಂಟು ರೋಗವಲ್ಲ: ಎರಡು ಬಗೆಯ ಜೀವಕೋಶ, ಹಲವು ತಪ್ಪು ಕಲ್ಪನೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ – ಈ ನಾಲ್ಕು ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿನ ಹೈಸ್ಕೂಲು ಮಕ್ಕಳು ಪ್ರೊಕ್ಯಾರಿಯೋಟ್ ಮತ್ತು ಯೂಕ್ಯಾರಿಯೋಟ್ ಕೋಶಗಳ ವ್ಯತ್ಯಾಸವನ್ನು ಒಂದು ಕೋಷ್ಟಕದಲ್ಲಿ ಬಾಯಿಪಾಠ ಮಾಡುತ್ತಾರೆ. ಮೊದಲನೆಯದರಲ್ಲಿ ಪೊರೆಯಿಂದ ಸುತ್ತುವರಿದ ಕೋಶಕೇಂದ್ರವಿಲ್ಲ, ಎರಡನೆಯದರಲ್ಲಿ ಇದೆ. ಮೊದಲನೆಯದು ಚಿಕ್ಕದು, ಎರಡನೆಯದು ದೊಡ್ಡದು. ಪರೀಕ್ಷೆಗೆ ಇಷ್ಟು ಸಾಕು. ಆದರೆ ಈ ಎರಡೂ ಬಗೆಯ ಜೀವಿಗಳು ಆ ಮಕ್ಕಳ ಮನೆಯ ಹೊಲದಲ್ಲಿವೆ, ಕುರಿರೊಪ್ಪದಲ್ಲಿವೆ, ಊರಿನ ಬೆಟ್ಟದ ಮೇಲಿವೆ. ಅಲ್ಲಿ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಹೋಗುವುದು ಅಂಕವಲ್ಲ, ದುಡ್ಡು.

ತಪ್ಪು ಕಲ್ಪನೆ: ಕೋಶಕೇಂದ್ರವಿಲ್ಲ ಎಂದರೆ ಡಿಎನ್‌ಎಯೂ ಇಲ್ಲ.

ಸತ್ಯ: ಬ್ಯಾಕ್ಟೀರಿಯಾದಲ್ಲೂ ಡಿಎನ್‌ಎ ಇದೆ. ಸಾಮಾನ್ಯವಾಗಿ ಅದು ಬಳೆಯಾಕಾರದ ಒಂದೇ ಅಣು. ಅದರ ಸುತ್ತ ಪೊರೆಯಿಲ್ಲ, ಅಷ್ಟೇ. ಇದಕ್ಕೆ ತದ್ವಿರುದ್ಧವಾಗಿ, ನಮ್ಮ ರಕ್ತದ ಕೆಂಪುಕಣ ಬೆಳೆಯುತ್ತಾ ತನ್ನ ಕೋಶಕೇಂದ್ರವನ್ನು ಹೊರಹಾಕಿಬಿಡುತ್ತದೆ. ಹಾಗೆಂದು ಅದು ಪ್ರೊಕ್ಯಾರಿಯೋಟ್ ಆಗುವುದಿಲ್ಲ.

ತಪ್ಪು ಕಲ್ಪನೆ: ಪ್ರೊಕ್ಯಾರಿಯೋಟ್ ಹಿಂದುಳಿದ, ಕೆಳದರ್ಜೆಯ ಕೋಶ.

ಸತ್ಯ: ಇದನ್ನು ಸುಳ್ಳು ಮಾಡಲು ಪಾವಗಡದ ಕಡೆಯ ಒಂದು ಕಡಲೆಕಾಯಿ ಗಿಡ ಸಾಕು. ಬೇರು ಮುರಿಯದಂತೆ ಕಿತ್ತು ಮಣ್ಣು ತೊಳೆದರೆ ಸಾಸಿವೆಯಷ್ಟು, ಅದಕ್ಕಿಂತ ತುಸು ದಪ್ಪದ ಗಂಟುಗಳು ಕಾಣುತ್ತವೆ. ಇದನ್ನು ಜಂತುಹುಳುವಿನ ರೋಗವೆಂದು ಹೆದರುವವರಿದ್ದಾರೆ. ಜಂತುಹುಳುವಿನ ಗಂಟು ಬೇರೇ ಉಬ್ಬಿ ಆಗಿರುವುದರಿಂದ ಬೇರಿನಿಂದ ಬಿಡಿಸಿಕೊಳ್ಳುವುದಿಲ್ಲ. ಈ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಬೆರಳಿನಿಂದ ಉಜ್ಜಿದರೆ ಕಳಚಿ ಬರುತ್ತದೆ. ಉಗುರಿನಿಂದ ಸೀಳಿ ನೋಡಿ: ಒಳಗೆ ನಸುಗೆಂಪು ಇದ್ದರೆ ಗಂಟು ಕೆಲಸ ಮಾಡುತ್ತಿದೆ ಎಂದರ್ಥ.

ಆ ಕೆಲಸ ಮಾಡುವುದು ಬ್ರಾಡಿರೈಜೋಬಿಯಂ ಎಂಬ ಬ್ಯಾಕ್ಟೀರಿಯಾ. ಕವಲುಬೇರು ಒಡೆದು ಬರುವಾಗ ಆಗುವ ಬಿರುಕಿನಲ್ಲಿ ಅದು ಒಳಹೊಕ್ಕು ಗಿಡದ ಕೋಶಗಳೊಳಗೇ ಬೀಡುಬಿಡುತ್ತದೆ. ಒಂದು ಯೂಕ್ಯಾರಿಯೋಟ್ ಕೋಶದ ಒಳಗೆ ಲೆಕ್ಕವಿಲ್ಲದಷ್ಟು ಪ್ರೊಕ್ಯಾರಿಯೋಟ್‌ಗಳು! ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒಗ್ಗುವ ರೂಪಕ್ಕೆ ತರುವ ನೈಟ್ರೋಜಿನೇಸ್ ಕಿಣ್ವವನ್ನು ತಯಾರಿಸುವ ವಿದ್ಯೆ ಯಾವ ಗಿಡಕ್ಕೂ ಪ್ರಾಣಿಗೂ ಶಿಲೀಂಧ್ರಕ್ಕೂ ಗೊತ್ತಿಲ್ಲ. ಅದು ಪ್ರೊಕ್ಯಾರಿಯೋಟ್‌ಗಳ ಸೊತ್ತು. ಆ ಕಿಣ್ವಕ್ಕೆ ಆಮ್ಲಜನಕ ತಾಗಿದರೆ ಕೆಡುತ್ತದೆ. ಆದ್ದರಿಂದ ಗಿಡವು ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಬಂಧುವಾದ ಕೆಂಪು ಪ್ರೋಟೀನೊಂದನ್ನು ತಯಾರಿಸಿ ಆಮ್ಲಜನಕವನ್ನು ಹತೋಟಿಯಲ್ಲಿಡುತ್ತದೆ. ಸೀಳಿದಾಗ ಕಂಡ ನಸುಗೆಂಪು ಅದೇ. ಮಳೆಯನ್ನೇ ನಂಬಿದ ಹೊಲದಲ್ಲಿ ಗೊಬ್ಬರದ ಖರ್ಚು ಉಳಿಸುವ ಈ ಜೀವಿಯನ್ನು ಕೆಳದರ್ಜೆಯದೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಯೂರಿಯಾ ಅತಿಯಾಗಿ ಸುರಿದರೆ ಗಂಟು ಕಟ್ಟುವುದೇ ಕಡಿಮೆಯಾಗುತ್ತದೆ ಎಂಬುದನ್ನೂ ಇಲ್ಲೇ ಹೇಳಬೇಕು.

ತಪ್ಪು ಕಲ್ಪನೆ: ರೋಗಾಣು ಯಾವುದಾದರೇನು, ಔಷಧಿ ಒಂದೇ.

ಸತ್ಯ: ಅತಿ ಹೆಚ್ಚು ನಷ್ಟ ಮಾಡುವ ನಂಬಿಕೆ ಇದು. ಕಡಲೆಕಾಯಿ ಎಲೆಯ ಮೇಲೆ ಕಂದುಗಪ್ಪು ಚುಕ್ಕೆ ತರುವ ತಿಕ್ಕಾ ರೋಗಕ್ಕೆ ಕಾರಣ ಶಿಲೀಂಧ್ರ. ಅದಕ್ಕೆ ಕೋಶಕೇಂದ್ರವಿದೆ, ಮೈಟೋಕಾಂಡ್ರಿಯ ಇದೆ, ಅದು ಯೂಕ್ಯಾರಿಯೋಟ್. ಸ್ಟ್ರೆಪ್ಟೋಮೈಸಿನ್‌ನಂಥ ಆ್ಯಂಟಿಬಯೋಟಿಕ್ ಬ್ಯಾಕ್ಟೀರಿಯಾದ ರೈಬೋಸೋಮಿಗೆ ಅಂಟಿಕೊಂಡು ಪ್ರೋಟೀನು ತಯಾರಿಕೆಯನ್ನು ಕೆಡಿಸುತ್ತದೆ. ಬ್ಯಾಕ್ಟೀರಿಯಾದ್ದು 70ಎಸ್ ರೈಬೋಸೋಮ್, ಶಿಲೀಂಧ್ರದ ಕೋಶದ್ರವ್ಯದಲ್ಲಿರುವುದು 80ಎಸ್. ರಚನೆ ಬೇರೆ, ಹಾಗಾಗಿ ಔಷಧಿ ಹಿಡಿಯುವುದಿಲ್ಲ. ತಿಕ್ಕಾಗೆ ಮ್ಯಾಂಕೋಜೆಬ್ ಅಥವಾ ಕ್ಲೋರೋಥಲೋನಿಲ್‌ನಂಥ ಶಿಲೀಂಧ್ರನಾಶಕವೇ ಬೇಕು. ಇನ್ನು ಕುಡಿ ಸಾಯಿಸುವ ನಂಜುರೋಗ ವೈರಸ್ಸಿನದು. ವೈರಸ್ಸಿಗೆ ಕೋಶವೇ ಇಲ್ಲ. ಅದು ಕೋಷ್ಟಕದ ಎರಡೂ ಕಡೆಗೆ ಸೇರುವುದಿಲ್ಲ. ಅದನ್ನು ಹೊತ್ತು ತರುವುದು ಥ್ರಿಪ್ಸ್ ನುಸಿ. ನುಸಿಯನ್ನು ತಡೆಯುವುದು, ಹೊಲದ ಸುತ್ತ ಸಜ್ಜೆ ಅಥವಾ ಜೋಳದ ಸಾಲು ಹಾಕುವುದು, ರೋಗ ತಡೆದುಕೊಳ್ಳುವ ತಳಿ ಬಿತ್ತುವುದು – ದಾರಿ ಇವೇ.

ಬೀಜೋಪಚಾರದಲ್ಲೂ ಇದೇ ತಿಳಿವಳಿಕೆ ಬೇಕು. ಶಿಲೀಂಧ್ರನಾಶಕ ಮೊದಲು, ಜೀವಂತ ಬ್ಯಾಕ್ಟೀರಿಯಾ ಇರುವ ರೈಜೋಬಿಯಂ ಪುಡಿಯನ್ನು ಕೊನೆಗೆ, ಬಿತ್ತುವ ಹೊತ್ತಿಗೆ, ಬೆಲ್ಲದ ನೀರಿನಲ್ಲಿ ಲೇಪಿಸಿ ನೆರಳಲ್ಲಿ ಒಣಗಿಸಬೇಕು.

ರೈಬೋಸೋಮಿನ ಈ ವ್ಯತ್ಯಾಸ ಮನುಷ್ಯನಿಗೂ ತಟ್ಟುತ್ತದೆ. ನಮ್ಮ ಮೈಟೋಕಾಂಡ್ರಿಯ ಒಂದು ಕಾಲದಲ್ಲಿ ಸ್ವತಂತ್ರ ಬ್ಯಾಕ್ಟೀರಿಯಾ ಆಗಿತ್ತೆಂದು 1967ರಲ್ಲಿ ಲಿನ್ ಮಾರ್ಗುಲಿಸ್ ವಾದಿಸಿದರು. ಇಂದು ಅದು ಒಪ್ಪಿತ ವಿಚಾರ. ಅದರ ರೈಬೋಸೋಮ್ ಈಗಲೂ ಬ್ಯಾಕ್ಟೀರಿಯಾದ್ದನ್ನೇ ಹೋಲುತ್ತದೆ. ಮೈಟೋಕಾಂಡ್ರಿಯದಲ್ಲಿ ಒಂದು ನಿರ್ದಿಷ್ಟ ಜೀನ್ ಬದಲಾವಣೆ ಇರುವವರಿಗೆ ಸ್ಟ್ರೆಪ್ಟೋಮೈಸಿನ್‌ನಿಂದ ಕಿವಿ ಕೇಳಿಸದಂತಾಗುವ ಅಪಾಯ ಹೆಚ್ಚಿರುವುದು ಇದೇ ಕಾರಣಕ್ಕೆ.

ತಪ್ಪು ಕಲ್ಪನೆ: ಪ್ರೊಕ್ಯಾರಿಯೋಟ್ ಯಾವಾಗಲೂ ಚಿಕ್ಕದು.

ಸತ್ಯ: ಬಹುಪಾಲು ಹೌದು, ಯಾವಾಗಲೂ ಅಲ್ಲ. 2022ರಲ್ಲಿ ವರದಿಯಾದ ಥಿಯೋಮಾರ್ಗರಿಟಾ ಮ್ಯಾಗ್ನಿಫಿಕಾ ಎಂಬ ಬ್ಯಾಕ್ಟೀರಿಯಾದ ಒಂದೇ ಕೋಶ ಸುಮಾರು ಒಂದು ಸೆಂಟಿಮೀಟರ್ ಉದ್ದ. ಕೋಶಕೇಂದ್ರವಿರುವ ಆಸ್ಟ್ರಿಯೋಕಾಕಸ್ ಎಂಬ ಕಡಲಪಾಚಿಯೋ ಒಂದು ಮೈಕ್ರೋಮೀಟರ್‌ಗಿಂತಲೂ ಚಿಕ್ಕದಿರಬಲ್ಲದು.

ತಪ್ಪು ಕಲ್ಪನೆ: ಬಂಡೆಯ ಮೇಲಿನ ಕಪ್ಪು ಪಟ್ಟೆ ಬರೀ ಮಳೆನೀರಿನ ಕಲೆ, ಪಾಚಿಯೆಲ್ಲ ಗಿಡದ ಜಾತಿ.

ಸತ್ಯ: ಮಧುಗಿರಿಯ ಏಕಶಿಲಾ ಬೆಟ್ಟದಂಥ ಬೋಳು ಗ್ರಾನೈಟ್ ಬೆಟ್ಟಗಳಲ್ಲಿ ನೀರು ಹರಿಯುವ ಜಾಡಿನ ಕಪ್ಪಿನಲ್ಲಿ ಬಹುಪಾಲು ಸಯನೋಬ್ಯಾಕ್ಟೀರಿಯಾ ಇರುತ್ತವೆ. ನೀಲಿ-ಹಸಿರು ಪಾಚಿ ಎಂದು ಕರೆದರೂ ಅವು ಪ್ರೊಕ್ಯಾರಿಯೋಟ್‌ಗಳು, ಬಿಸಿಲಲ್ಲಿ ಒಣಗಿ ಮಳೆಗೆ ಮತ್ತೆ ಚೇತರಿಸಿಕೊಳ್ಳುವ ಗಟ್ಟಿ ಜೀವಿಗಳು. ಅಲ್ಲೇ ಪಕ್ಕದ ಬೂದು ಬಣ್ಣದ ಕಲ್ಲುಹೂವು ಮಾತ್ರ ಶಿಲೀಂಧ್ರ. ಅದು ಹಸಿರು ಪಾಚಿಯನ್ನೋ ಸಯನೋಬ್ಯಾಕ್ಟೀರಿಯಾವನ್ನೋ ಜೊತೆಗಿಟ್ಟುಕೊಂಡು ಬದುಕುತ್ತದೆ. ಗಿಡಗಳ ಎಲೆಗೆ ಹಸಿರು ಕೊಟ್ಟ ಕ್ಲೋರೋಪ್ಲಾಸ್ಟ್ ಕೂಡ ಈ ಸಯನೋಬ್ಯಾಕ್ಟೀರಿಯಾ ವಂಶದ್ದೇ.

ತಪ್ಪು ಕಲ್ಪನೆ: ಪ್ರೊಕ್ಯಾರಿಯೋಟ್ ಅಂದರೆ ಬ್ಯಾಕ್ಟೀರಿಯಾ ಮಾತ್ರ.

ಸತ್ಯ: ಶಿರಾ, ಪಾವಗಡದ ಕುರಿಗಳು ಮೆಲುಕು ಹಾಕುವಾಗ ಹೊಟ್ಟೆಯಲ್ಲಿ ಮೀಥೇನ್ ಹುಟ್ಟಿಸುವ ಸೂಕ್ಷ್ಮಜೀವಿಗಳಿವೆ. ಅವಕ್ಕೂ ಕೋಶಕೇಂದ್ರವಿಲ್ಲ. ಆದರೆ ಇಂಥವು ಬ್ಯಾಕ್ಟೀರಿಯಾ ಅಲ್ಲವೆಂದು 1977ರಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ರೈಬೋಸೋಮಿನ ಆರ್‌ಎನ್‌ಎ ಹೋಲಿಸಿ ತೋರಿಸಿದರು. ಇವೇ ಆರ್ಕಿಯಾ. ಡಿಎನ್‌ಎಯನ್ನು ನಕಲು ಮಾಡುವ, ಓದುವ ವ್ಯವಸ್ಥೆಯಲ್ಲಿ ಈ ಜೀವಿಗಳು ಕಡಲೆಕಾಯಿ ಬೇರಿನ ಬ್ಯಾಕ್ಟೀರಿಯಾಕ್ಕಿಂತ ಕುರಿಗೂ ಕುರಿ ಕಾಯುವವನಿಗೂ ಹೆಚ್ಚು ಹತ್ತಿರದ ನೆಂಟರು.